ತೊಡೆಮೂಳೆಗೆ ಮೊಳೆ ಹೊಡೆದ ವೈದ್ಯ ಗೆರ್ಹಾರ್ಡ್ ಕುಂಟ್ಷರ್

ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದುಕೊಂಡವರನ್ನು ನೋಡಲು ಆಸ್ಪತ್ರೆಗೆ ಹೋದರೆ ಬಂಧುಗಳ ಬಾಯಿಂದ ಬರುವ ಮೊದಲ ಮಾತು, ಒಳಗೆ ರಾಡ್ ಹಾಕಿದ್ದಾರೆ ಎಂಬುದು. ಸೊಂಟದ ಬದಿಯಲ್ಲೊಂದು ಸಣ್ಣ ಗಾಯ, ಮಂಡಿಯ ಹತ್ತಿರ ಒಂದೆರಡು ಹೊಲಿಗೆ. ಹೊರಗೆ ಕಾಣುವುದು ಅಷ್ಟೇ. ಎಲ್ಲವೂ ಸರಿಯಾಗಿದ್ದರೆ ನಾಲ್ಕೈದು ದಿನಗಳಲ್ಲಿ ರೋಗಿ ವಾಕರ್ ಹಿಡಿದು ನಿಂತಿರುತ್ತಾನೆ. ಇದರಲ್ಲಿ ವಿಶೇಷವೇನೂ ಇಲ್ಲ ಎಂದು ಇಂದಿನ ನಗರವಾಸಿಗೆ ಅನ್ನಿಸುವುದು ಸಹಜ. ಆದರೆ ಮೂಳೆಯ ಒಳಗೆ ಉಕ್ಕಿನ ಸರಳು ತೂರಿಸುವ ಈ ವಿಚಾರವನ್ನು ಮೊದಲು ಮಂಡಿಸಿದಾಗ, ಅಂದಿನ ಹಿರಿಯ ಶಸ್ತ್ರವೈದ್ಯರಲ್ಲಿ ಅನೇಕರು ಅದನ್ನು ಹುಚ್ಚುಸಾಹಸವೆಂದೇ ಬಗೆದಿದ್ದರು. ನಮ್ಮ ಆಸ್ಪತ್ರೆಗಳ ಮೂಳೆ ವಿಭಾಗಗಳಲ್ಲಿ ದಶಕಗಳ ಕಾಲ ‘ಕೆ-ನೇಲ್’ ಎಂದೇ ಕರೆಸಿಕೊಂಡ ಆ ಸರಳಿನ ‘ಕೆ’ ಅಕ್ಷರ, ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್ಷರ್ ಅವರದು. ಕನ್ನಡದ ಕಿವಿಗೆ ಆ ಹೆಸರಿನಲ್ಲಿ ಕುಂಟು ಕೇಳಿಸಿದರೂ, ಲಕ್ಷಾಂತರ ಮಂದಿ ಕುಂಟದೆ ನಡೆಯುವಂತಾದದ್ದು ಈ ಮನುಷ್ಯನ ಹಟದಿಂದ.

ಈ ಹಟದ ಮಹತ್ವ ತಿಳಿಯಬೇಕಾದರೆ ತೊಡೆಮೂಳೆಯ ಸ್ವಭಾವವನ್ನು ತುಸು ಅರಿಯಬೇಕು. ದೇಹದ ಅತಿ ಉದ್ದದ, ಅತಿ ಬಲಿಷ್ಠ ಮೂಳೆ ಇದು. ಸುತ್ತಲೂ ದೇಹದ ದೊಡ್ಡ ಸ್ನಾಯುಗಳು. ಮೂಳೆ ಮುರಿದ ಕ್ಷಣದಲ್ಲೇ ಆ ಸ್ನಾಯುಗಳು ಸಂಕುಚಿಸಿ ಎರಡು ತುಂಡುಗಳನ್ನೂ ಒಂದರ ಮೇಲೊಂದು ಎಳೆದುಕೊಳ್ಳುತ್ತವೆ. ಕಾಲು ಗಿಡ್ಡವಾಗುತ್ತದೆ. ಮುಂಗೈಗೆ ಕಟ್ಟಿದಂತೆ ಪ್ಲಾಸ್ಟರ್ ಕಟ್ಟಿ ಇದನ್ನು ನಿಲ್ಲಿಸಲಾಗದು. ಹಾಗಾಗಿ ಹಿಂದೆಲ್ಲ ಮಂಡಿಯ ಕೆಳಗಿನ ಮೂಳೆಗೆ ತಂತಿ ತೂರಿಸಿ, ತೂಕ ತೂಗಹಾಕಿ, ರೋಗಿಯನ್ನು ಎರಡು ಮೂರು ತಿಂಗಳು ಅಲುಗಾಡದಂತೆ ಮಲಗಿಸಲಾಗುತ್ತಿತ್ತು. ಬೆನ್ನಿಗೆ ಹಾಸಿಗೆ ಹುಣ್ಣು, ಶ್ವಾಸಕೋಶಕ್ಕೆ ಸೋಂಕು, ಮಂಡಿಗೆ ಜಡತ್ವ. ಇಷ್ಟೆಲ್ಲ ಅನುಭವಿಸಿದ ಮೇಲೂ ಕೆಲವರ ಮೂಳೆ ಕೂಡಿಕೊಳ್ಳುತ್ತಲೇ ಇರಲಿಲ್ಲ. ತಿಂಗಳುಗಳು ಉರುಳಿದರೂ ಮುರಿದ ಜಾಗ ಕೀಲಿನಂತೆ ಅಲ್ಲಾಡುತ್ತಿತ್ತು. ವೈದ್ಯರು ಇದನ್ನು ‘ನಾನ್‌ಯೂನಿಯನ್’ ಎನ್ನುತ್ತಾರೆ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಸುಳ್ಳುಕೀಲು ಎಂಬರ್ಥದ ಹೆಸರಿದೆ. ತೊಡೆಯ ನಡುವೆ ಇಲ್ಲದ ಕೀಲೊಂದು ಹುಟ್ಟಿಕೊಂಡವನು ದುಡಿಯಲಾರ, ನಡೆಯಲಾರ. ದಿನಗೂಲಿಯ ಮನೆಯಾದರೆ ಇಡೀ ಸಂಸಾರವೇ ಹಾಸಿಗೆ ಹಿಡಿದಂತೆ.

ಕುಂಟ್ಷರ್ ಹುಟ್ಟಿದ್ದು 1900ರ ಡಿಸೆಂಬರ್ 6ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಜ್ವಿಕಾವ್ ಪಟ್ಟಣದಲ್ಲಿ. ವೂರ್ಜ್‌ಬರ್ಗ್, ಹ್ಯಾಂಬರ್ಗ್ ಮತ್ತು ಯೆನಾಗಳಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದರು. ಬಳಿಕ ಉತ್ತರದ ಬಂದರು ನಗರ ಕೀಲ್‌ನ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗ ಸೇರಿದರು. ಅಲ್ಲಿ ಅವರನ್ನು ಮೊದಲು ಸೆಳೆದದ್ದು ಮೊಳೆಯಲ್ಲ, ಮೂಳೆಯ ಮೂಲಕ ಭಾರ ಹರಿಯುವ ಬಗೆ. ಯಂತ್ರಭಾಗಗಳ ಪರೀಕ್ಷೆಗೆ ಎಂಜಿನಿಯರ್‌ಗಳು ಬಳಸುತ್ತಿದ್ದ ಉಪಾಯವೊಂದನ್ನು ಅವರು ಮೂಳೆಗೆ ಅನ್ವಯಿಸಿದರು. ಒಣಗಿದರೆ ಬಿರುಕು ಬಿಡುವ ಅರಗಿನಂಥ ಲೇಪವನ್ನು ಮೂಳೆಗೆ ಹಚ್ಚಿ, ಅದರ ಮೇಲೆ ಭಾರ ಹೇರಿ, ಎಲ್ಲೆಲ್ಲಿ ಗೆರೆ ಮೂಡುತ್ತವೆ ಎಂದು ಗಮನಿಸಿದರು. 1930ರ ದಶಕದ ನಡುಭಾಗದಲ್ಲಿ ಈ ಪ್ರಯೋಗಗಳ ಕುರಿತು ಲೇಖನಗಳನ್ನೂ ಪ್ರಕಟಿಸಿದರು. ವೈದ್ಯನೊಬ್ಬ ಮೂಳೆಯನ್ನು ಸೇತುವೆಯ ಕಂಬದಂತೆ ಕಾಣತೊಡಗಿದ್ದು ಇಲ್ಲಿಂದಲೇ ಎನ್ನಬಹುದು.

ಮೂಳೆಯೊಳಗೆ ಏನನ್ನಾದರೂ ತೂರಿಸಿ ಜೋಡಿಸುವ ಯೋಚನೆ ಅವರಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯಲ್ಲೇ ದಂತದ ಗೂಟಗಳನ್ನು ಬಳಸಿ ನೋಡಿದವರಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹೇ ಗ್ರೋವ್ಸ್ ಗುಂಡೇಟಿಗೆ ಮುರಿದ ತೊಡೆಮೂಳೆಗಳಿಗೆ ಲೋಹದ ಸರಳು ಹಾಕಿದ್ದರು. ಸೋಂಕು ಅವರನ್ನು ಸೋಲಿಸಿತು. ಅಮೆರಿಕದ ಮಿಸಿಸಿಪಿಯಲ್ಲಿ ರಶ್ ಸಹೋದರರು 1930ರ ದಶಕದಲ್ಲಿ ತೆಳ್ಳನೆಯ ಪಿನ್ನುಗಳನ್ನು ಬಳಸುತ್ತಿದ್ದರು. ಸೊಂಟದ ಬಳಿ ತೊಡೆಮೂಳೆಯ ಕುತ್ತಿಗೆ ಮುರಿದರೆ ಬೋಸ್ಟನ್ನಿನ ಸ್ಮಿತ್ ಪೀಟರ್ಸನ್ ರೂಪಿಸಿದ ಮೊಳೆ ಆಗಲೇ ಹೆಸರು ಮಾಡಿತ್ತು. ಸೊಂಟದ ಬಳಿಯ ಮುರಿತಕ್ಕೆ ಮೊಳೆ ಒಗ್ಗುವುದಾದರೆ ನಡುತೊಡೆಯ ಮುರಿತಕ್ಕೇಕೆ ಒಗ್ಗದು? ಕುಂಟ್ಷರ್ ಹಿಡಿದ ಎಳೆ ಇದು.

ಹಿಂದಿನವರ ಸರಳುಗಳು ಮೂಳೆಯ ಕೊಳವೆಯಲ್ಲಿ ಸಡಿಲವಾಗಿ ಕುಳಿತಿರುತ್ತಿದ್ದವು. ತುಂಡುಗಳು ಸಾಲಿನಲ್ಲಿರುತ್ತಿದ್ದವೇ ಹೊರತು ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಕುಂಟ್ಷರ್ ಬಯಸಿದ್ದು ಒಳಗೋಡೆಯನ್ನು ಕಚ್ಚಿ ಹಿಡಿಯುವ ಮೊಳೆಯನ್ನು. ಕೀಲ್‌ನ ಎಂಜಿನಿಯರ್ ಎರ್ನ್‌ಸ್ಟ್ ಪೋಲ್ ಅವರ ಕಾರ್ಯಾಗಾರದಲ್ಲಿ ಅದು ತಯಾರಾಯಿತು. ತುಕ್ಕು ಹಿಡಿಯದ ಉಕ್ಕು. ಅಡ್ಡ ಸೀಳಿದರೆ ಇಂಗ್ಲಿಷಿನ ‘ವಿ’ ಆಕಾರ. ಮುಂದೆ ಅದು ಮೂರೆಸಳಿನ ಕ್ಲೋವರ್ ಎಲೆಯ ಆಕಾರಕ್ಕೆ ತಿರುಗಿತು. ಒಳಗೆ ಟೊಳ್ಳು, ಒಂದು ಬದಿಗೆ ಉದ್ದಕ್ಕೂ ಸೀಳು. ಮೂಳೆಯ ಕಿರಿದಾದ ಭಾಗದಲ್ಲಿ ಹಾಯುವಾಗ ಮೊಳೆ ತುಸು ಮುದುಡುತ್ತದೆ. ಒಳಹೊಕ್ಕ ಮೇಲೆ ಮತ್ತೆ ಅರಳಲು ಯತ್ನಿಸಿ ಗೋಡೆಗೆ ಒತ್ತಿಕೊಳ್ಳುತ್ತದೆ. ಈ ಕಥೆಯಲ್ಲಿ ಪೋಲ್ ಹೆಸರು ಬರುವುದು ಅಪರೂಪ. ಮೊಳೆಗೆ ಅಂಟಿಕೊಂಡದ್ದು ವೈದ್ಯನ ಹೆಸರು ಮಾತ್ರ. ಕಮ್ಮಟದಲ್ಲಿ ನಿಂತು ಉಕ್ಕನ್ನು ಬಾಗಿಸಿದವನ ಪಾಲಿಗೆ ಅಡಿಟಿಪ್ಪಣಿ.

ಇನ್ನೊಂದು ಅಂಶ ಮೊಳೆಗಿಂತಲೂ ಮುಖ್ಯವಾದುದು. ಮುರಿದ ಜಾಗವನ್ನು ಕೊಯ್ದು ತೆರೆಯಬಾರದು ಎಂಬುದು ಕುಂಟ್ಷರ್ ಅವರ ನಿಲುವು. ಮುರಿತದ ಸುತ್ತ ಹೆಪ್ಪುಗಟ್ಟಿದ ರಕ್ತ ಮತ್ತು ಮೂಳೆಗೆ ಅಂಟಿದ ಪೊರೆಯಲ್ಲೇ ಹೊಸ ಮೂಳೆಯ ಬೀಜವಿರುತ್ತದೆ. ಕತ್ತಿ ಅಲ್ಲಿಗೆ ಹೋದರೆ ಅದು ಚೆಲ್ಲಿ ಹೋಗುತ್ತದೆ, ಸೋಂಕಿಗೂ ಬಾಗಿಲು ತೆರೆಯುತ್ತದೆ. ಆದ್ದರಿಂದ ದೂರದಲ್ಲಿ, ಸೊಂಟದ ಬಳಿ ಸಣ್ಣದಾಗಿ ಕೊಯ್ದು, ಎಕ್ಸ್‌ರೇ ಪರದೆಯಲ್ಲಿ ನೋಡುತ್ತ, ಮೊಳೆಯನ್ನು ಮಜ್ಜೆಯ ಕೊಳವೆಗುಂಟ ಇಳಿಸಬೇಕು. ಮುರಿದ ತುಂಡುಗಳು ಗಾಳಿ ಕಾಣದೆ ಒಂದಾಗಬೇಕು. ನಾಯಿಗಳ ಮೇಲಿನ ಪ್ರಯೋಗಗಳ ಬಳಿಕ, 1939ರ ನವೆಂಬರ್‌ನಲ್ಲಿ, ಕೀಲ್‌ನ ಹಡಗುಕಟ್ಟೆಯ ಕಾರ್ಮಿಕನೊಬ್ಬನ ಮುರಿದ ತೊಡೆಗೆ ಅವರು ಮೊದಲ ಮೊಳೆ ಇಳಿಸಿದರು. ಎರಡನೆಯ ಮಹಾಯುದ್ಧ ಆರಂಭವಾಗಿ ಎರಡು ತಿಂಗಳಾಗಿತ್ತು.

ಬರ್ಲಿನ್‌ನಲ್ಲಿ ಗೇಲಿ: 1940ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ಸೇರಿದ ಜರ್ಮನ್ ಶಸ್ತ್ರವೈದ್ಯರ ಸಮಾವೇಶದಲ್ಲಿ ಕುಂಟ್ಷರ್ ತಮ್ಮ ಕೆಲವೇ ರೋಗಿಗಳ ವಿವರ ಮಂಡಿಸಿದರು. ಸಭೆ ಮೆಚ್ಚಲಿಲ್ಲ. ಮಜ್ಜೆ ಎಂದರೆ ರಕ್ತ ಹುಟ್ಟುವ ಜಾಗ, ಅದನ್ನು ಉಕ್ಕಿನಿಂದ ಉಜ್ಜಿದರೆ ಮೂಳೆ ಸಾಯುತ್ತದೆ ಎಂಬುದು ಒಂದು ಆಕ್ಷೇಪ. ಮಜ್ಜೆಯ ಕೊಬ್ಬು ರಕ್ತನಾಳಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ರೋಗಿಯೇ ಸಾಯುತ್ತಾನೆ ಎಂಬುದು ಇನ್ನೊಂದು. ಗೇಲಿ ಮಾಡಿದವರನ್ನು ಇಂದು ಮೂರ್ಖರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕೊಬ್ಬಿನ ಭಯ ಕಲ್ಪಿತವಾಗಿರಲಿಲ್ಲ, ತೀವ್ರವಾಗಿ ಗಾಯಗೊಂಡವರ ವಿಷಯದಲ್ಲಿ ಇಂದಿಗೂ ವೈದ್ಯರು ಅದನ್ನು ಲೆಕ್ಕಕ್ಕಿಡುತ್ತಾರೆ. ಪೆನಿಸಿಲಿನ್ ಆಗ ಕೈಗೆಟಕಿರಲಿಲ್ಲ. ವಿಯೆನ್ನಾದ ಲೊರೆಂಜ್ ಬೋಲರ್ ಅಂದು ಮೂಳೆ ಮುರಿತದ ಚಿಕಿತ್ಸೆಯಲ್ಲಿ ಯೂರೋಪಿಗೇ ಗುರು. ಅವರು ಮೊಳೆಯನ್ನು ತಾವೇ ಬಳಸಿದರು, ಅದರ ಕುರಿತು ಪುಸ್ತಕವನ್ನೂ ಬರೆದರು. ಜೊತೆಗೆ, ಕಂಡಕಂಡ ಮೂಳೆಗೆಲ್ಲ ಮೊಳೆ ಹೊಡೆಯುವ ಉತ್ಸಾಹದ ವಿರುದ್ಧ ಎಚ್ಚರಿಕೆಯನ್ನೂ ಕೊಟ್ಟರು. ಯುದ್ಧಕಾಲದ ಅವಸರದಲ್ಲಿ, ಅನುಭವವಿಲ್ಲದ ಕೈಗಳಲ್ಲಿ, ಆ ಎಚ್ಚರಿಕೆ ನಿಜವಾದ ಪ್ರಸಂಗಗಳು ಇದ್ದವು.

ಯುದ್ಧದ ಅವಧಿಯಲ್ಲಿ ಸೇನಾ ವೈದ್ಯರಾಗಿ ಕುಂಟ್ಷರ್ ಫಿನ್ಲೆಂಡಿನ ಉತ್ತರ ಭಾಗದ ಕೆಮಿ ಪಟ್ಟಣ ಸೇರಿದರು. ಫಿನ್ಲೆಂಡ್ ಆಗ ಸೋವಿಯತ್ ಒಕ್ಕೂಟದ ವಿರುದ್ಧ ಜರ್ಮನಿಯ ಜೊತೆಯಲ್ಲಿತ್ತು. ಹಿಮದ ಆ ನಾಡಿನಲ್ಲಿ ಅವರು ಫಿನ್ನಿಷ್ ವೈದ್ಯರಿಗೂ ಮೊಳೆಯ ವಿದ್ಯೆ ಕಲಿಸಿದರು. ಹಾಗಾಗಿ ಜರ್ಮನಿಯ ಹೊರಗೆ ಮೊಳೆಯನ್ನು ಬೇಗನೆ ಒಪ್ಪಿಕೊಂಡ ದೇಶಗಳಲ್ಲಿ ಫಿನ್ಲೆಂಡ್ ಒಂದು.

ಅಮೆರಿಕಕ್ಕೆ ಸುದ್ದಿ ತಲುಪಿದ ಬಗೆ ವಿಚಿತ್ರವಾದುದು. ಜರ್ಮನಿಯಲ್ಲಿ ಸೆರೆ ಸಿಕ್ಕಿ ಬಿಡುಗಡೆಯಾದ ಗಾಯಾಳು ಸೈನಿಕರು ತಾಯ್ನಾಡಿಗೆ ಮರಳಿದಾಗ ಅಲ್ಲಿನ ವೈದ್ಯರು ಎಕ್ಸ್‌ರೇ ತೆಗೆದರು. ತೊಡೆಯೊಳಗೆ ಮೇಲಿನಿಂದ ಕೆಳಗಿನವರೆಗೆ ಲೋಹದ ಸರಳು! ಶತ್ರುಗಳು ನಮ್ಮ ಹುಡುಗರ ಮೇಲೆ ಏನೋ ಪ್ರಯೋಗ ನಡೆಸಿದ್ದಾರೆ ಎಂಬ ಗುಮಾನಿ ಮೊದಲು ಹುಟ್ಟಿತು. ಆದರೆ ಆ ಹುಡುಗರು ನಡೆದಾಡುತ್ತಿದ್ದರು. ಅಮೆರಿಕದ ಟೈಮ್ ವಾರಪತ್ರಿಕೆ 1945ರ ಮಾರ್ಚ್‌ನಲ್ಲಿ ಈ ಸೋಜಿಗದ ತೊಡೆಮೂಳೆಯ ಬಗ್ಗೆ ವರದಿ ಮಾಡಿತು. ವೈದ್ಯಕೀಯ ಪತ್ರಿಕೆಗಳು ಯುದ್ಧದ ಗೋಡೆಯನ್ನು ದಾಟಲಾಗದೆ ಉಳಿದಾಗ, ಪುರಾವೆ ಸೆರೆಯಾಳುಗಳ ಕಾಲಿನೊಳಗೆ ಕುಳಿತು ಸಾಗರ ದಾಟಿತ್ತು.

ಮರೆಮಾಚಲಾಗದ ಮಗ್ಗುಲು: ಕುಂಟ್ಷರ್ ನಾಝಿ ಪಕ್ಷದ ಸದಸ್ಯರಾಗಿದ್ದರು. ಪಕ್ಷದ ಅರೆಸೇನಾ ಪಡೆಯಾದ ‘ಎಸ್‌ಎ’ಯಲ್ಲೂ ಇದ್ದರು. ಆ ಕಾಲದ ಜರ್ಮನ್ ವೈದ್ಯರಲ್ಲಿ ದೊಡ್ಡ ಸಂಖ್ಯೆಯವರು ಪಕ್ಷ ಸೇರಿದ್ದರು ಎಂಬುದು ನಿಜ. ಹಾಗೆಂದು ಅದು ಸಣ್ಣ ಸಂಗತಿಯಾಗದು. ಕೀಲ್‌ನಲ್ಲಿ ಕುಂಟ್ಷರ್ ಏಣಿ ಏರುತ್ತಿದ್ದ ವರ್ಷಗಳಲ್ಲೇ ಜರ್ಮನಿಯ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಂದ ಯಹೂದಿ ವೈದ್ಯರನ್ನು ಹೊರಹಾಕಲಾಯಿತು. ಅವರ ಮೊಳೆ ಹಡಗುಕಟ್ಟೆಯ ಕೂಲಿಗೂ ಶತ್ರು ಸೈನಿಕನಿಗೂ ಒಂದೇ ರೀತಿ ಕೆಲಸ ಮಾಡಿತು, ಅವರ ಪಕ್ಷ ಮನುಷ್ಯರನ್ನು ಹಾಗೆ ಕಂಡಿರಲಿಲ್ಲ. ವೈದ್ಯಕೀಯ ಪಠ್ಯಗಳ ಎರಡು ಸಾಲಿನ ಪರಿಚಯದಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಬಿಡಬಾರದು.

ಯುದ್ಧ ಮುಗಿದ ಮೇಲೆ ಅವರಿಗೆ ವಿಶ್ವವಿದ್ಯಾಲಯದ ಪೀಠ ಸಿಗಲಿಲ್ಲ. ಡೆನ್ಮಾರ್ಕ್ ಗಡಿಯ ಕಡೆಗಿರುವ ಶ್ಲೆಸ್ವಿಗ್ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಅಚ್ಚರಿಯೆಂದರೆ, ಅವರ ಎರಡನೆಯ ಮುಖ್ಯ ಕೊಡುಗೆ, ಅಂದರೆ ಕೂಡದ ಮೂಳೆಯನ್ನು ಕೂಡಿಸುವ ವಿದ್ಯೆ, ಪಕ್ವವಾದದ್ದು ಈ ಹಿನ್ನಡೆಯ ವರ್ಷಗಳಲ್ಲೇ.

ಸಮಸ್ಯೆ ಇದ್ದದ್ದು ಮೂಳೆಯ ಆಕಾರದಲ್ಲಿ. ತೊಡೆಮೂಳೆಯ ಕೊಳವೆ ನಡುವೆ ಕಿರಿದು, ತುದಿಗಳಲ್ಲಿ ಅಗಲ. ಕಿರಿದಾದ ಜಾಗದಲ್ಲಿ ತೂರುವ ಮೊಳೆ ತೆಳ್ಳಗಿರಲೇಬೇಕು. ತೆಳ್ಳಗಿನ ಮೊಳೆ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕುಂಟ್ಷರ್ ಕಂಡುಕೊಂಡ ದಾರಿ, ಮೊಳೆಯನ್ನು ಮೂಳೆಗೆ ಹೊಂದಿಸುವುದಲ್ಲ, ಮೂಳೆಯನ್ನೇ ಮೊಳೆಗೆ ಹೊಂದಿಸುವುದು. ಬಳುಕುವ ದಂಡದ ತುದಿಗೆ ಕೊರೆಯುವ ತಲೆ ಜೋಡಿಸಿ, ಕೊಳವೆಯನ್ನು ಒಳಗಿನಿಂದ ಹಂತಹಂತವಾಗಿ ಅಗಲಿಸಿ, ದಪ್ಪ ಮೊಳೆ ಹಾಕುವುದು. ವೈದ್ಯರು ಇದನ್ನು ‘ರೀಮಿಂಗ್’ ಎನ್ನುತ್ತಾರೆ. ಲಾಭ ಎಷ್ಟೆಂದರೆ, ಗಟ್ಟಿ ಸರಳಿನ ಬಾಗದ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 10 ಮಿಲಿಮೀಟರ್ ಬದಲು 14 ಮಿಲಿಮೀಟರ್ ಸರಳು ಹಾಕಿದರೆ ಬಿಗುವು ಸುಮಾರು ನಾಲ್ಕು ಪಟ್ಟು. ಟೊಳ್ಳು ಮೊಳೆಯಲ್ಲಿ ಲೆಕ್ಕ ತುಸು ಬೇರೆಯಾದರೂ ದಿಕ್ಕು ಇದೇ.

ಇದು ಕೂಡದ ಮೂಳೆಗೆ ಹೇಗೆ ಮದ್ದಾಯಿತು? ಅಂದಿನ ರೂಢಿಯಂತೆ ನಾನ್‌ಯೂನಿಯನ್ ಎಂದರೆ ದೊಡ್ಡ ಶಸ್ತ್ರಕ್ರಿಯೆ. ಮುರಿದ ಜಾಗವನ್ನು ತೆರೆದು, ನಡುವೆ ಬೆಳೆದ ನಾರನ್ನು ಕೆರೆದು ತೆಗೆದು, ತುದಿಗಳನ್ನು ಕತ್ತರಿಸಿ, ಸೊಂಟದೆಲುಬಿನಿಂದ ಚೂರುಗಳನ್ನು ತಂದು ತುಂಬುವುದು, ಆಮೇಲೆ ಮತ್ತೆ ತಿಂಗಳುಗಟ್ಟಲೆ ಪ್ಲಾಸ್ಟರ್. ಕುಂಟ್ಷರ್ ಇದನ್ನು ಒಪ್ಪಲಿಲ್ಲ. ಮೂಳೆಗೆ ಕೂಡುವ ಶಕ್ತಿ ಇದ್ದೇ ಇದೆ, ಕೊರತೆ ಇರುವುದು ನಿಶ್ಚಲತೆಗೆ ಎಂಬುದು ಅವರ ವಾದ. ಸಸಿಯನ್ನು ದಿನಕ್ಕೊಮ್ಮೆ ಅಲುಗಾಡಿಸಿದರೆ ಬೇರು ಹಿಡಿದೀತೆ? ಆದ್ದರಿಂದ ನಾರನ್ನು ಮುಟ್ಟಬೇಕಿಲ್ಲ, ಜಾಗವನ್ನು ತೆರೆಯಬೇಕಿಲ್ಲ. ಒಳಗಿನಿಂದ ಕೊರೆದು ದಪ್ಪ ಮೊಳೆ ಬಿಗಿದರೆ ಸಾಕು, ನಡುವಿನ ನಾರೇ ಮೂಳೆಯಾಗಿ ಮಾರ್ಪಡುತ್ತದೆ. ರೋಗಿ ನಡೆದರೆ ಬೀಳುವ ಭಾರವೂ ಅದಕ್ಕೆ ನೆರವಾಗುತ್ತದೆ.

ಮುಂದಿನ ತಲೆಮಾರಿನ ಸಂಶೋಧನೆಗಳು ಈ ವಾದಕ್ಕೆ ಇನ್ನಷ್ಟು ಆಧಾರ ಒದಗಿಸಿದವು. ಕೊರೆಯುವಾಗ ಉದುರುವ ಮೂಳೆಯ ಪುಡಿಯಲ್ಲಿ ಜೀವಂತ ಕೋಶಗಳಿರುತ್ತವೆ, ಅದು ಮುರಿತದ ಜಾಗದಲ್ಲಿ ಸಂಗ್ರಹವಾಗಿ ಕಸಿಯಂತೆ ಕೆಲಸ ಮಾಡುತ್ತದೆ. ಒಳಗೋಡೆಯ ರಕ್ತಸಂಚಾರ ಕೆಲಕಾಲ ಕೆಡುವುದು ನಿಜ. ಅದಕ್ಕೆ ಪ್ರತಿಯಾಗಿ ಹೊರಪೊರೆಯ ರಕ್ತಸಂಚಾರ ಹೆಚ್ಚಿ, ಹೊರಗಿನಿಂದ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಬರ್ಲಿನ್ ಸಭೆಯ ಮೊದಲ ಆಕ್ಷೇಪಕ್ಕೆ ದೇಹವೇ ಉತ್ತರ ಇಟ್ಟುಕೊಂಡಿತ್ತು. ಅಮೆರಿಕದ ಸಿಯಾಟಲ್‌ನ ವೈದ್ಯರು 1984ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಈ ವಿಧಾನದಲ್ಲಿ ಮೊಳೆ ಹಾಕಿದ 520 ತೊಡೆಮೂಳೆ ಮುರಿತಗಳ ಪೈಕಿ ಶೇ 99.1ರಷ್ಟು ಕೂಡಿಕೊಂಡಿದ್ದವು.

ಹಾಗಿದ್ದರೂ ಮೊಳೆ ಹಾಕಿದ ಮೇಲೂ ಕೂಡದೆ ಉಳಿಯುವ ಮೂಳೆಗಳಿವೆ. ಧೂಮಪಾನ, ಮಧುಮೇಹ, ಚರ್ಮ ಹರಿದು ಹೊರಬಂದ ಮುರಿತ, ಸೋಂಕು, ಸಡಿಲ ಮೊಳೆ, ತುಂಡುಗಳ ನಡುವೆ ಉಳಿದ ಅಂತರ, ಹೀಗೆ ಕಾರಣಗಳು ಹಲವು. ಒಂಬತ್ತು ತಿಂಗಳು ಕಳೆದೂ, ಕೊನೆಯ ಮೂರು ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಪ್ರಗತಿ ಕಾಣದಿದ್ದರೆ ನಾನ್‌ಯೂನಿಯನ್ ಎಂದು ಪರಿಗಣಿಸುವುದು ವಾಡಿಕೆ. ಆಗ ಮಾಡುವ ಸಾಮಾನ್ಯ ಚಿಕಿತ್ಸೆ ಕುಂಟ್ಷರ್ ಹಾದಿಯದೇ. ಹಳೆಯ ಮೊಳೆ ತೆಗೆದು, ಮತ್ತೆ ಕೊರೆದು, ಇನ್ನೂ ದಪ್ಪನೆಯ ಮೊಳೆ ಹಾಕುವುದು. ರಾಡ್ ಬದಲಾಯಿಸಬೇಕಂತೆ ಎಂದು ಮನೆಯವರು ಗಾಬರಿಯಿಂದ ಹೇಳುವುದು ಇದನ್ನೇ. 1980ರ ದಶಕದ ವರದಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗುಣವಾದ ಲೆಕ್ಕವಿದೆ. 2000ರಲ್ಲಿ ಪ್ರಕಟವಾದ ಒಂದು ಸಣ್ಣ ಅಮೆರಿಕನ್ ಅಧ್ಯಯನದಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಬದಲಾವಣೆಗೆ ಕಾರಣ ಊಹಿಸುವುದು ಕಷ್ಟವಲ್ಲ. ಹಿಂದೆ ಸರಳ ಮುರಿತಗಳಿಗಷ್ಟೇ ಮೊಳೆ ಬೀಳುತ್ತಿತ್ತು, ಈಗ ನುಚ್ಚುನೂರಾದ ಮೂಳೆಗೂ ಬೀಳುತ್ತದೆ.

ಇಲ್ಲಿ ಕುಂಟ್ಷರ್ ಅವರ ಅತಿವಿಶ್ವಾಸದ ಮಿತಿಯೂ ಕಾಣುತ್ತದೆ. ಎಲ್ಲ ನಾನ್‌ಯೂನಿಯನ್ ಒಂದೇ ಬಗೆಯದಲ್ಲ. ತುದಿಗಳು ಆನೆಯ ಪಾದದಂತೆ ಉಬ್ಬಿ ಬೆಳೆದಿದ್ದರೆ ಜೀವಶಕ್ತಿ ಇದೆ, ಬಿಗುವು ಸಾಲದು ಎಂದರ್ಥ. ಅಲ್ಲಿ ದಪ್ಪ ಮೊಳೆ ರಾಮಬಾಣ. ತುದಿಗಳು ಪೆನ್ಸಿಲ್ ಮೊನೆಯಂತೆ ಸೊರಗಿದ್ದರೆ ಕೊರತೆ ಜೀವಶಕ್ತಿಗೇ. ಅಲ್ಲಿ ಸೊಂಟದೆಲುಬಿನ ಕಸಿ ಬೇಕಾಗುತ್ತದೆ, ಅಂದರೆ ಅವರು ಬೇಡವೆಂದ ಆ ಹಳೆಯ ಶಸ್ತ್ರಕ್ರಿಯೆಯೇ. ಮೊಳೆಯನ್ನು ಹಾಗೆಯೇ ಉಳಿಸಿ, ಪಕ್ಕದಲ್ಲೊಂದು ಪ್ಲೇಟ್ ಜೋಡಿಸಿ, ಜೊತೆಗೆ ಕಸಿ ತುಂಬುವ ವಿಧಾನವೂ ಇಂದು ಬಳಕೆಯಲ್ಲಿದೆ. ಸೋಂಕು ಹೊಕ್ಕು ಮೂಳೆಯ ಭಾಗವೇ ನಷ್ಟವಾಗಿದ್ದರೆ ಮೊಳೆಯಷ್ಟೇ ಸಾಲದು. ಅಂಥವರ ನೆರವಿಗೆ ಬಂದದ್ದು ಸೈಬೀರಿಯಾದ ಕುರ್ಗಾನ್ ನಗರದಲ್ಲಿ ಗವ್ರಿಲ್ ಇಲಿಜಾರೊವ್ ಬೆಳೆಸಿದ ಉಂಗುರಗಳ ಚೌಕಟ್ಟು. ಕಾಲಿನ ಹೊರಗೆ ಉಂಗುರಗಳನ್ನು ಬಿಗಿದು, ಕತ್ತರಿಸಿದ ಮೂಳೆಯನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಎಳೆದು ಹೊಸ ಮೂಳೆ ಬೆಳೆಸುವ ವಿದ್ಯೆ ಅದು.

ಮೊಳೆಯ ಎರಡೂ ತುದಿಗಳಿಗೆ ಅಡ್ಡ ಸ್ಕ್ರೂ ಹಾಕಿ ಬಂಧಿಸುವ ಇಂದಿನ ಪದ್ಧತಿಯ ಮೊದಲ ಸುಳಿವು ಕೂಡ ಕುಂಟ್ಷರ್ ಅವರದೇ. 1960ರ ದಶಕದ ಕೊನೆಯಲ್ಲಿ, ಚೂರಾದ ಮೂಳೆ ಕುಸಿಯದಂತೆ ತಡೆಯಲು ಅಂಥದೊಂದು ಮೊಳೆ ರೂಪಿಸಿದ್ದರು. ಅದನ್ನು ಎಲ್ಲರ ಕೈಗೆ ಒಗ್ಗುವಂತೆ ತಿದ್ದಿದವರು ಜರ್ಮನಿಯ ಕ್ಲೆಮ್ ಮತ್ತು ಶೆಲ್‌ಮನ್, ಬಳಿಕ ಫ್ರಾನ್ಸಿನ ಗ್ರೋಸ್ ಮತ್ತು ಕೆಂಫ್. ಕ್ಲೋವರ್ ಎಲೆಯ ಹಳೆಯ ಕೆ-ನೇಲ್ ಈ ಇಂಟರ್‌ಲಾಕಿಂಗ್ ಮೊಳೆಗೆ ಜಾಗ ಬಿಟ್ಟುಕೊಟ್ಟಿತು. ಕುಂಟ್ಷರ್ ರೂಪಿಸಿದ ಇನ್ನೊಂದು ಸಾಧನವೂ ಉಲ್ಲೇಖಾರ್ಹ. ಮಜ್ಜೆಯ ಕೊಳವೆಯೊಳಗೆ ಇಳಿಸಿ, ಅಲ್ಲಿಂದಲೇ ಮೂಳೆಯನ್ನು ಕತ್ತರಿಸುವ ಗರಗಸ. ಉದ್ದವಾದ ಕಾಲನ್ನು ಗಾಯವಿಲ್ಲದೆ ಗಿಡ್ಡಗೊಳಿಸಿ ಸರಿಸಮ ಮಾಡಲು ಅದು ಬಳಕೆಯಾಯಿತು.

1957ರಲ್ಲಿ ಅವರು ಹ್ಯಾಂಬರ್ಗ್‌ನ ಬಂದರು ಆಸ್ಪತ್ರೆಯ ನಿರ್ದೇಶಕರಾದರು. ಹಡಗು, ಕ್ರೇನ್, ಸರಕುಗಳ ನಡುವೆ ಕಾಲು ಮುರಿದುಕೊಂಡವರಿಗೆ ಆ ಊರಿನಲ್ಲಿ ಬರವಿರಲಿಲ್ಲ. 1965ರವರೆಗೆ ಅಲ್ಲಿದ್ದರು. ಮದುವೆಯಾಗಲಿಲ್ಲ. ಈಜು, ವೇಗದ ಕಾರು, ಸ್ನೇಹಿತರ ಕೂಟ, ಕೀಟಲೆ ಇವು ಅವರ ಮೆಚ್ಚಿನ ಹವ್ಯಾಸಗಳು. ಶಸ್ತ್ರಕ್ರಿಯಾ ಕೋಣೆಯಲ್ಲಿ ಎಕ್ಸ್‌ರೇ ಕಿರಣಗಳಿಗೆ ತಮ್ಮನ್ನು ಒಡ್ಡಿಕೊಳ್ಳುವ ವಿಷಯದಲ್ಲೂ ಇದೇ ಧಾರಾಳತನ. ಮುರಿತವನ್ನು ತೆರೆಯದೆ ಮೊಳೆ ಇಳಿಸಬೇಕೆಂದರೆ ಪರದೆಯನ್ನು ನೋಡುತ್ತಲೇ ಇರಬೇಕು. ರೋಗಿಯ ಗಾಯ ಚಿಕ್ಕದಾದಷ್ಟೂ ವೈದ್ಯನ ಮೇಲೆ ಬೀಳುವ ವಿಕಿರಣ ಹೆಚ್ಚು. ಚಿತ್ರವನ್ನು ಪ್ರಖರಗೊಳಿಸಿ ತೋರಿಸುವ ಯಂತ್ರಗಳು ಬಂದ ಮೇಲೆ ಈ ಹೊರೆ ತಗ್ಗಿತು.

ನಿವೃತ್ತಿಯ ಬಳಿಕವೂ ಕತ್ತಿ ಕೆಳಗಿಡಲಿಲ್ಲ. ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬರ್ಗ್‌ನ ಆಸ್ಪತ್ರೆಯೊಂದರಲ್ಲಿ ಅತಿಥಿ ವೈದ್ಯರಾಗಿ ದುಡಿಯುತ್ತ, ಬರೆಯುತ್ತ ಇದ್ದರು. ಮುರಿದ ಮೂಳೆಯ ಸುತ್ತ ಹೊಸ ಮೂಳೆ ಹೇಗೆ, ಏಕೆ ಹುಟ್ಟುತ್ತದೆ ಎಂಬ, ಯೌವನದಿಂದಲೂ ಕಾಡಿದ್ದ ಪ್ರಶ್ನೆಯ ಮೇಲೆ 1970ರಲ್ಲಿ ಒಂದು ಪುಸ್ತಕ ಹೊರತಂದರು. 1972ರ ಡಿಸೆಂಬರ್‌ನಲ್ಲಿ, 72 ತುಂಬಿದ ಕೆಲವೇ ದಿನಗಳಲ್ಲಿ, ಬರೆಯುವ ಮೇಜಿನ ಮುಂದೆ ಕುಳಿತಲ್ಲೇ ನಿಧನರಾದರು. ಅವರು ಆಗ ತಿದ್ದುತ್ತಿದ್ದುದು ಮೊಳೆಯ ಶಸ್ತ್ರಕ್ರಿಯೆ ಕುರಿತ ತಮ್ಮ ಗ್ರಂಥದ ಹೊಸ ಆವೃತ್ತಿಯ ಹಸ್ತಪ್ರತಿಯನ್ನು.